ಲಿನಕ್ಸ್‌ನಲ್ಲಿ ಮದರ್‌ಬೋರ್ಡ್ ಸೆನ್ಸರ್: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರೊಸೆಸರ್ ಎಷ್ಟು ಬಿಸಿಯಾಗಿದೆ, ಫ್ಯಾನ್ ತಿರುಗುತ್ತಿದೆಯಾ, 12 ವೋಲ್ಟ್ ಲೈನ್ ಸರಿಯಾಗಿದೆಯಾ? ಇದನ್ನೆಲ್ಲ ಮದರ್‌ಬೋರ್ಡ್ ಯಾವಾಗಲೂ ಅಳೆಯುತ್ತಲೇ ಇರುತ್ತದೆ. ಲಿನಕ್ಸ್‌ನಲ್ಲಿ ಆ ಸಂಖ್ಯೆಗಳನ್ನು ತೆರೆಯ ಮೇಲೆ ತರಲು ಹೆಚ್ಚು ಹೊತ್ತು ಬೇಕಿಲ್ಲ. ಬಂದದ್ದರಲ್ಲಿ ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು ಅಂತ ಗೊತ್ತಾಗಲು ಸ್ವಲ್ಪ ತಾಳ್ಮೆ ಬೇಕು. ಈ ಪುಟದಲ್ಲಿ ಆ ಎರಡನೇ ಭಾಗಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ. ಕಮಾಂಡ್‌ಗಳನ್ನು ಓದಲು ಸುಲಭವಾಗಲಿ ಅಂತ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಈ ಸೆನ್ಸರ್‌ಗಳು ನಿಜವಾಗಿ ಎಲ್ಲಿರುತ್ತವೆ?

ಒಂದೇ ಕಡೆ ಇರುವುದಿಲ್ಲ. ಇದು ಗೊತ್ತಿದ್ದರೆ ಮುಂದಿನ ಅರ್ಧ ಗೊಂದಲ ಕಳೆಯುತ್ತದೆ.

ಡೆಸ್ಕ್‌ಟಾಪ್ ಬೋರ್ಡ್‌ನಲ್ಲಿ ‘ಸೂಪರ್ ಐಓ’ ಅನ್ನುವ ಚಿಪ್ ಇರುತ್ತದೆ. ಕೀಬೋರ್ಡ್ ಪೋರ್ಟ್, ಸೀರಿಯಲ್ ಪೋರ್ಟ್ ನೋಡಿಕೊಳ್ಳುವುದು ಅದರ ಹಳೆಯ ಕೆಲಸ. ಫ್ಯಾನ್ ವೇಗ, ವೋಲ್ಟೇಜ್, ಬೋರ್ಡ್‌ನ ಬಿಸಿ ಅಳೆಯುವ ಭಾಗವೂ ಅದರೊಳಗೇ ಇದೆ. ಇಂಥ ಚಿಪ್ ಮಾಡುವವರು ಕೆಲವೇ ಮಂದಿ. ನುವೊಟಾನ್, ಐಟಿಇ, ಫಿನ್‌ಟೆಕ್ ಇವರಲ್ಲಿ ಮುಖ್ಯರು, ಮೂವರೂ ತೈವಾನಿನವರು. ನುವೊಟಾನ್ 2008ರಲ್ಲಿ ವಿನ್‌ಬಾಂಡ್‌ನಿಂದ ಬೇರೆಯಾದ ಕಂಪನಿ. ಹಾಗಾಗಿ ಹಳೆಯ ಬೋರ್ಡ್‌ಗಳಲ್ಲಿ ವಿನ್‌ಬಾಂಡ್ ಹೆಸರು ಕಾಣುತ್ತದೆ.

ಇಷ್ಟಲ್ಲದೆ ಪ್ರೊಸೆಸರ್‌ನ ಒಳಗೆ ಅದರದ್ದೇ ಸೆನ್ಸರ್ ಇದೆ. ಎಸ್‌ಎಸ್‌ಡಿಗೆ ಒಂದು, ಗ್ರಾಫಿಕ್ಸ್ ಕಾರ್ಡ್‌ಗೆ ಒಂದು, ಕೆಲವು ರ‍್ಯಾಮ್ ಪಟ್ಟಿಗಳಿಗೂ ಒಂದು. ಪ್ರತಿಯೊಂದಕ್ಕೂ ಬೇರೆ ಬೇರೆ ಡ್ರೈವರ್. ಇವೆಲ್ಲ ಕರ್ನಲ್‌ನ (ಲಿನಕ್ಸ್‌ನ ತಿರುಳು) ‘ಎಚ್‌ಡಬ್ಲ್ಯುಮಾನ್’ ಅನ್ನುವ ಒಂದೇ ಚೌಕಟ್ಟಿನ ಕೆಳಗೆ ಬರುತ್ತವೆ.

ಏನು ಇನ್‌ಸ್ಟಾಲ್ ಮಾಡಬೇಕು?

ಡೆಬಿಯನ್, ಉಬುಂಟು, ಮಿಂಟ್‌ನಲ್ಲಿ ‘ಎಲ್‌ಎಂ-ಸೆನ್ಸರ್ಸ್’. ಫೆಡೋರಾ ಮತ್ತು ಆರ್ಚ್‌ನಲ್ಲೂ ಅದೇ ಪ್ಯಾಕೇಜ್, ನಡುವೆ ಅಡ್ಡಗೆರೆಯ ಬದಲು ಅಂಡರ್‌ಸ್ಕೋರ್. ಎಲ್‌ಎಂ ಅನ್ನುವುದು ನ್ಯಾಷನಲ್ ಸೆಮಿಕಂಡಕ್ಟರ್ ಕಂಪನಿಯ ಎಲ್‌ಎಂ78, ಎಲ್‌ಎಂ75 ಚಿಪ್‌ಗಳಿಂದ ಬಂದ ಹೆಸರು. ಈಗ ಆ ಚಿಪ್‌ಗಳು ಹೊಸ ಬೋರ್ಡ್‌ಗಳಲ್ಲಿ ಅಪರೂಪ, ಹೆಸರು ಮಾತ್ರ ಉಳಿದಿದೆ.

ಈ ಪ್ಯಾಕೇಜ್‌ನಲ್ಲಿ ಡ್ರೈವರ್ ಇರುವುದಿಲ್ಲ, ಇದನ್ನು ನೆನಪಿಡಿ. ಡ್ರೈವರ್‌ಗಳು ಕರ್ನಲ್‌ನಲ್ಲಿವೆ. ಪ್ಯಾಕೇಜ್ ಕೊಡುವುದು ಚಿಪ್ ಹುಡುಕುವ ಸ್ಕ್ರಿಪ್ಟ್ ಮತ್ತು ಸಂಖ್ಯೆ ತೋರಿಸುವ ಪ್ರೋಗ್ರಾಂ ಅಷ್ಟೇ. ಆದ್ದರಿಂದ ಹೊಸ ಬೋರ್ಡ್ ಕೊಂಡಿದ್ದರೆ ಪ್ಯಾಕೇಜ್ ಹೊಸದಿದೆಯಾ ಅಂತ ನೋಡುವುದಕ್ಕಿಂತ ಕರ್ನಲ್ ಹೊಸದಿದೆಯಾ ಅಂತ ನೋಡುವುದು ಮುಖ್ಯ.

‘ಸೆನ್ಸರ್ಸ್-ಡಿಟೆಕ್ಟ್’ ಓಡಿಸಿದರೆ ಬೋರ್ಡ್ ಹಾಳಾಗುತ್ತದಂತೆ, ನಿಜವಾ?

ಈ ಭಯಕ್ಕೆ ಒಂದು ಕಾರಣ ಇದೆ. ಹಿಂದೆ ಕೆಲವು ಹಳೆಯ ಐಬಿಎಂ ಥಿಂಕ್‌ಪ್ಯಾಡ್‌ಗಳಲ್ಲಿ ಹೀಗೆ ಹುಡುಕುವಾಗ ಬಸ್ (ಚಿಪ್‌ಗಳು ಮಾತಾಡಿಕೊಳ್ಳುವ ತಂತಿ) ಮೇಲಿದ್ದ, ಮಾಹಿತಿ ಉಳಿಸಿಡುವ ಒಂದು ಈಪ್ರಾಮ್ ಚಿಪ್‌ನ ಮಾಹಿತಿ ಕೆಟ್ಟು, ಯಂತ್ರ ಬೂಟ್ ಆಗದ ಸ್ಥಿತಿಗೆ ಬಂದದ್ದುಂಟು. ಅದು ಗೊತ್ತಾದ ಮೇಲೆ ಅಂಥ ಯಂತ್ರಗಳನ್ನು ಗುರುತಿಸಿ ಹುಡುಕಾಟವನ್ನೇ ನಿಲ್ಲಿಸುವ ಕಾವಲು ಸೇರಿಸಿದರು.

ಈಗ ಪ್ರತಿ ಪ್ರಶ್ನೆಗೂ ಸ್ಕ್ರಿಪ್ಟ್ ತಾನೇ ಒಂದು ಉತ್ತರ ಸೂಚಿಸುತ್ತದೆ. ಅಪಾಯ ಕಡಿಮೆ ಇರುವ ಕಡೆ ‘ಯೆಸ್’, ಅನುಮಾನ ಇರುವ ಕಡೆ ‘ನೋ’. ‘ಸುಡೊ ಸೆನ್ಸರ್ಸ್-ಡಿಟೆಕ್ಟ್’ ಅಂತ ಕೊಟ್ಟು, ಎಲ್ಲದಕ್ಕೂ ಸುಮ್ನೆ ಎಂಟರ್ ಒತ್ತುತ್ತಾ ಹೋಗಿ. ಸ್ಕ್ರಿಪ್ಟ್ ಬೇಡ ಅಂದದ್ದಕ್ಕೆ ‘ಯೆಸ್’ ಹೇಳಬೇಡಿ.

ಒಂದು ಕಡೆ ಮಾತ್ರ ಎಚ್ಚರ. ಡೆಬಿಯನ್, ಉಬುಂಟುಗಳಲ್ಲಿ ಕೊನೆಗೆ “ಈ ಸಾಲುಗಳನ್ನು ಮಾಡ್ಯೂಲ್ಸ್ ಫೈಲ್‌ಗೆ ಸೇರಿಸಲಾ?” ಅಂತ ಕೇಳುತ್ತದೆ. (ಮಾಡ್ಯೂಲ್ ಅಂದರೆ ಕರ್ನಲ್‌ಗೆ ಬೇಕಾದಾಗ ಸೇರುವ ಡ್ರೈವರ್ ಫೈಲ್.) ಅಲ್ಲಿ ಸೂಚಿಸಿದ ಉತ್ತರ ‘ನೋ’. ಎಂಟರ್ ಒತ್ತಿದರೆ ಹುಡುಕಿದ್ದು ಎಲ್ಲೂ ದಾಖಲಾಗುವುದಿಲ್ಲ. ಅಲ್ಲಿ ‘ಯೆಸ್’ ಅಂತ ಪೂರ್ತಿ ಟೈಪ್ ಮಾಡಿ. ಆಮೇಲೆ ಒಮ್ಮೆ ರೀಬೂಟ್ ಮಾಡಿ, ‘ಸೆನ್ಸರ್ಸ್’ ಅಂತ ಕೊಡಿ.

ಪ್ರೊಸೆಸರ್ ಬಿಸಿ ಮಾತ್ರ ಕಾಣುತ್ತಿದೆ. ಫ್ಯಾನ್, ವೋಲ್ಟೇಜ್ ಎಲ್ಲಿ?

ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ ಇದೇ. ಇಂಟೆಲ್‌ನ ‘ಕೋರ್‌ಟೆಂಪ್’, ಎಎಂಡಿಯ ‘ಕೆ10ಟೆಂಪ್’ ಡ್ರೈವರ್‌ಗಳು ತಾವೇ ಲೋಡ್ ಆಗುತ್ತವೆ. ಪ್ರೊಸೆಸರ್ ಯಾವುದು ಅಂತ ಕರ್ನಲ್‌ಗೆ ಹೇಗೂ ಗೊತ್ತು. ಸೂಪರ್ ಐಓ ಹಾಗಲ್ಲ. ನಾನಿದ್ದೇನೆ ಅಂತ ಅದು ಹೇಳಿಕೊಳ್ಳುವುದಿಲ್ಲ, ನಾವೇ ಹೋಗಿ ಕೇಳಬೇಕು. ಅದಕ್ಕೇ ಡಿಟೆಕ್ಟ್ ಸ್ಕ್ರಿಪ್ಟ್ ಇರುವುದು.

ಅದು ಯಾವ ಚಿಪ್ ಹೆಸರು ಹೇಳಿತು ನೋಡಿ. ಎನ್‌ಸಿಟಿ6779, 6791, 6796, 6798 ಇಂಥದ್ದಾದರೆ ‘ಎನ್‌ಸಿಟಿ6775’ ಡ್ರೈವರ್. ಹೆಸರಲ್ಲಿ 6775 ಅಂತ ಇದ್ದರೂ ಆ ಕುಟುಂಬದ ಬಹಳಷ್ಟು ಚಿಪ್‌ಗಳಿಗೆ ಇದೊಂದೇ. ಐಟಿ8728 ಥರದ್ದಾದರೆ ‘ಐಟಿ87’. ಫಿನ್‌ಟೆಕ್‌ನ ಹಲವು ಚಿಪ್‌ಗಳಿಗೆ ‘ಎಫ್71882ಎಫ್‌ಜಿ’.

‘ಸುಡೊ ಮಾಡ್‌ಪ್ರೋಬ್ ಎನ್‌ಸಿಟಿ6775’ ಅಂತ ಕೈಯಾರೆ ಲೋಡ್ ಮಾಡಿ, ಕೂಡಲೇ ಕರ್ನಲ್ ಸಂದೇಶಗಳನ್ನು ತೋರಿಸುವ ‘ಸುಡೊ ಡಿಎಂಇಎಸ್‌ಜಿ’ಯ ಕೊನೆಯ ಸಾಲುಗಳನ್ನು ಓದಿ. ಚಿಪ್ ಸಿಕ್ಕಿತು ಅಂತ ಬಂದಿದ್ದರೆ ಗೆದ್ದಿರಿ. ‘ಸೆನ್ಸರ್ಸ್’ ಕೊಟ್ಟರೆ ‘ಎನ್‌ಸಿಟಿ6798-ಐಸಾ-0290’ ರೀತಿಯ ಹೊಸ ಗುಂಪು ಕಾಣುತ್ತದೆ. ಕೊನೆಯ 0290 ಆ ಚಿಪ್ ಕೂತಿರುವ ವಿಳಾಸ. ಪ್ರತಿ ಬೂಟ್‌ನಲ್ಲೂ ಲೋಡ್ ಆಗಬೇಕಾದರೆ ‘/ಇಟಿಸಿ/ಮಾಡ್ಯೂಲ್ಸ್-ಲೋಡ್.ಡಿ’ ಫೋಲ್ಡರ್‌ನಲ್ಲಿ ‘.ಕಾನ್ಫ್’ ಅಂತ ಕೊನೆಯಾಗುವ ಒಂದು ಫೈಲ್ ಮಾಡಿ, ಅದರಲ್ಲಿ ಡ್ರೈವರ್ ಹೆಸರು ಬರೆದರೆ ಸಾಕು.

ಡ್ರೈವರ್ ಲೋಡ್ ಮಾಡಿದರೆ ‘ಡಿವೈಸ್ ಆರ್ ರಿಸೋರ್ಸ್ ಬಿಜಿ’ ಅಥವಾ ಎಸಿಪಿಐ ಸಂಘರ್ಷ ಅಂತ ಬರುತ್ತದೆ. ಏನು ಮಾಡಲಿ?

ಬಯಾಸ್ ಅಂದರೆ ಬೋರ್ಡ್‌ನಲ್ಲೇ ಇದ್ದು ಕಂಪ್ಯೂಟರನ್ನು ಶುರು ಮಾಡುವ ಪ್ರೋಗ್ರಾಂ. ಹಾರ್ಡ್‌ವೇರನ್ನು ಆಪರೇಟಿಂಗ್ ಸಿಸ್ಟಂಗೆ ವಿವರಿಸುವ ಅದರ ಎಸಿಪಿಐ ಭಾಗವೂ ಇದೇ ಚಿಪ್ ವಿಳಾಸವನ್ನು ತನ್ನದು ಅಂತ ಬರೆದುಕೊಂಡಿದೆ ಎಂದು ಅರ್ಥ. ಬಯಾಸ್, ಡ್ರೈವರ್ ಇಬ್ಬರೂ ಒಂದೇ ಹೊತ್ತಿಗೆ ಚಿಪ್ ಮುಟ್ಟಿದರೆ ತಪ್ಪು ಸಂಖ್ಯೆ ಬರಬಹುದು. ಫ್ಯಾನ್ ನಿಯಂತ್ರಣವೂ ಕೆಡಬಹುದು. ಅದಕ್ಕೇ ಕರ್ನಲ್ ತಡೆಯುತ್ತದೆ.

ಅಂತರ್ಜಾಲದಲ್ಲಿ ಎಲ್ಲರೂ ಕೊಡುವ ಮದ್ದು, ಬೂಟ್ ಸಾಲಿಗೆ ‘ಎಸಿಪಿಐ_ಎನ್‌ಫೋರ್ಸ್_ರಿಸೋರ್ಸಸ್=ಲ್ಯಾಕ್ಸ್’ ಸೇರಿಸುವುದು. ಇದು ಕೆಲಸ ಮಾಡುತ್ತದೆ. ಆದರೆ ಇದು ಬರೀ ಸೆನ್ಸರ್ ಡ್ರೈವರ್‌ಗೆ ಸೀಮಿತವಲ್ಲ, ಇಡೀ ವ್ಯವಸ್ಥೆಯ ಕಾವಲನ್ನೇ ಸಡಿಲ ಮಾಡುತ್ತದೆ. ಬೇರೆ ದಾರಿ ಇದ್ದರೆ ಮೊದಲು ಅದನ್ನೇ ನೋಡಿ ಅನ್ನುವುದು ನನ್ನ ಅಭಿಪ್ರಾಯ.

ಬೇರೆ ದಾರಿ ಈಗ ಇದ್ದೇ ಇದೆ. ಏಸಸ್‌ನ ಹಲವು ಬೋರ್ಡ್‌ಗಳಲ್ಲಿ ‘ಎನ್‌ಸಿಟಿ6775’ ಡ್ರೈವರ್ ಬಯಾಸ್‌ನ ಡಬ್ಲ್ಯುಎಂಐ ಬಾಗಿಲಿನಿಂದಲೇ ಚಿಪ್ ಓದುತ್ತದೆ, ಜಗಳ ಆಗುವುದಿಲ್ಲ. ಏಸಸ್‌ಗೇ ಇರುವ ‘ಏಸಸ್-ಇಸಿ-ಸೆನ್ಸರ್ಸ್’ ಡ್ರೈವರ್ 5.18 ಕರ್ನಲ್‌ನಲ್ಲಿ ಬಂತು. ಗಿಗಾಬೈಟ್ ಬೋರ್ಡ್‌ಗಳಿಗೆ ‘ಗಿಗಾಬೈಟ್-ಡಬ್ಲ್ಯುಎಂಐ’ ಇದೆ, ಆದರೆ ಅದು ಬಿಸಿ ಮಾತ್ರ ತೋರಿಸುತ್ತದೆ, ಫ್ಯಾನ್ ತೋರಿಸುವುದಿಲ್ಲ. ‘ಐಟಿ87’ಗೆ ‘ಇಗ್ನೋರ್_ರಿಸೋರ್ಸ್_ಕಾನ್‌ಫ್ಲಿಕ್ಟ್=1’ ಅನ್ನುವ ಆಯ್ಕೆ ಇದೆ. ಇದರಿಂದ ಆ ಒಂದು ಡ್ರೈವರ್‌ಗೆ ಮಾತ್ರ ವಿನಾಯಿತಿ ಸಿಗುತ್ತದೆ. ಇವ್ಯಾವುದೂ ಆಗದಿದ್ದರೆ ಆಗ ಲ್ಯಾಕ್ಸ್.

ನನ್ನ ಚಿಪ್‌ಗೆ ಕರ್ನಲ್‌ನಲ್ಲಿ ಡ್ರೈವರ್ ಇಲ್ಲವಂತೆ.

ಹೊಸ ಐಟಿಇ ಚಿಪ್‌ಗಳಲ್ಲಿ ಹೀಗಾಗುವುದು ಜಾಸ್ತಿ. ಕರ್ನಲ್‌ನ ಹೊರಗೆ ಬೆಳೆಸಿದ ‘ಐಟಿ87’ ಪ್ರತಿಗಳಿವೆ, ಕರ್ನಲ್ ಬದಲಾದಾಗಲೆಲ್ಲ ಮಾಡ್ಯೂಲನ್ನು ಮತ್ತೆ ಕಟ್ಟುವ ಡಿಕೆಎಂಎಸ್ ಮೂಲಕ ಹಾಕಿಕೊಳ್ಳಬಹುದು. ಸೆಕ್ಯೂರ್ ಬೂಟ್ ಆನ್ ಇದ್ದರೆ ಸಹಿ ಇಲ್ಲದ ಮಾಡ್ಯೂಲ್ ಲೋಡ್ ಆಗುವುದಿಲ್ಲ. ನಿಮ್ಮದೇ ಕೀ ಮಾಡಿ ‘ಮೊಕ್ಯುಟಿಲ್’ನಿಂದ ಸೇರಿಸಬೇಕು. ‘ಫೋರ್ಸ್_ಐಡಿ’ ಕೊಟ್ಟು ಹತ್ತಿರದ ಇನ್ನೊಂದು ಚಿಪ್ ಅಂತ ನಂಬಿಸುವ ದಾರಿಯೂ ಇದೆ. ಓದುವುದಕ್ಕಷ್ಟೇ ಆದರೆ ಪ್ರಯತ್ನಿಸಬಹುದು. ಫ್ಯಾನ್ ನಿಯಂತ್ರಣಕ್ಕೆ ಆ ದಾರಿ ಬೇಡವೇ ಬೇಡ.

ಒಂದು ಕಡೆ 127 ಡಿಗ್ರಿ, ಇನ್ನೊಂದು ಕಡೆ ಮೈನಸ್ 60. ಬೋರ್ಡ್ ಸುಡುತ್ತಿದೆಯಾ?

ಇಲ್ಲ. ಆ ಪಿನ್‌ಗೆ ಏನೂ ಜೋಡಿಸಿಲ್ಲ, ಅಷ್ಟೇ. ಸೂಪರ್ ಐಓ ಚಿಪ್‌ನಲ್ಲಿ ಹಲವು ಬಿಸಿ ಅಳೆಯುವ ಪಿನ್‌ಗಳಿರುತ್ತವೆ. ಬೋರ್ಡ್ ಮಾಡಿದವರು ತಮಗೆ ಬೇಕಾದಷ್ಟಕ್ಕೆ ಮಾತ್ರ ತಂತಿ ಎಳೆದಿರುತ್ತಾರೆ. ಉಳಿದವು ಗಾಳಿಯಲ್ಲಿ ತೇಲುತ್ತಿರುತ್ತವೆ, ಅವುಗಳಿಂದ ಬರುವ ಸಂಖ್ಯೆಗೆ ಅರ್ಥವಿಲ್ಲ. ‘ಆಕ್ಸ್‌ಟಿನ್’ ಅನ್ನುವ ಹೆಸರಿನವು ಹೀಗಿರುವುದು ತೀರಾ ಸಾಮಾನ್ಯ. ‘ಸಿಸ್‌ಟಿನ್’ ಹೆಚ್ಚಾಗಿ ಬೋರ್ಡ್‌ನ ಬಿಸಿ. ‘ಸಿಪಿಯುಟಿನ್’ ಪ್ರೊಸೆಸರ್ ಸಾಕೆಟ್ ಹತ್ತಿರದ ಥರ್ಮಿಸ್ಟರ್ (ಬಿಸಿ ಅಳೆಯುವ ಪುಟ್ಟ ಭಾಗ) ಆಗಿರಬಹುದು, ಏನೂ ಅಲ್ಲದೆಯೂ ಇರಬಹುದು.

ಯಾವುದು ನಿಜ ಅಂತ ತಿಳಿಯಲು ಒಂದು ಸರಳ ಪರೀಕ್ಷೆ ಇದೆ. ಬೆಳಿಗ್ಗೆ, ಕಂಪ್ಯೂಟರ್ ರಾತ್ರಿಯಿಡೀ ಆಫ್ ಇದ್ದಾಗ, ಆನ್ ಮಾಡಿದ ಕೂಡಲೇ ನೋಡಿ. ನಿಜವಾದ ಸೆನ್ಸರ್‌ಗಳೆಲ್ಲ ಕೋಣೆಯ ಉಷ್ಣಾಂಶಕ್ಕಿಂತ ಸ್ವಲ್ಪ ಮೇಲೆ ಇರುತ್ತವೆ. ಆಮೇಲೆ ‘ಸ್ಟ್ರೆಸ್-ಎನ್‌ಜಿ’ಯಿಂದ ಹತ್ತು ನಿಮಿಷ ಪ್ರೊಸೆಸರ್‌ಗೆ ಪೂರ್ತಿ ಕೆಲಸ ಕೊಡಿ. ಪ್ರೊಸೆಸರ್ ಸೆನ್ಸರ್ ಥಟ್ಟನೆ ಏರುತ್ತದೆ, ಬೋರ್ಡ್ ಸೆನ್ಸರ್ ನಿಧಾನ ಏರುತ್ತದೆ. ಅಲುಗಾಡದೆ ಒಂದೇ ಸಂಖ್ಯೆ ತೋರಿಸುವುದನ್ನು, ಹುಚ್ಚುಹುಚ್ಚಾಗಿ ಕುಣಿಯುವುದನ್ನು ಬಿಟ್ಟುಬಿಡಿ. ಗಾಳಿಯಿಂದ ತಣ್ಣಗಾಗುವ ಯಂತ್ರದಲ್ಲಿ ಕೋಣೆಗಿಂತ ಕಡಿಮೆ ಬಿಸಿ ತೋರಿಸುವ ಸೆನ್ಸರ್ ಸುಳ್ಳು ಹೇಳುತ್ತಿದೆ. ಅದರಲ್ಲಿ ಅನುಮಾನ ಬೇಡ.

12 ವೋಲ್ಟ್ ಲೈನ್ 1 ವೋಲ್ಟ್ ತೋರಿಸುತ್ತಿದೆ. ಪವರ್ ಸಪ್ಲೈ ಕೆಟ್ಟಿದೆಯಾ?

12 ವೋಲ್ಟ್ ನಿಜಕ್ಕೂ 1 ವೋಲ್ಟ್ ಆಗಿದ್ದರೆ ಕಂಪ್ಯೂಟರ್ ಆನ್ ಆಗುತ್ತಲೇ ಇರಲಿಲ್ಲ. ಇಲ್ಲಿ ಆಗುತ್ತಿರುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಜನ ಹೊಸ ಪವರ್ ಸಪ್ಲೈ ಕೊಂಡು ದುಡ್ಡು ಕಳೆದುಕೊಳ್ಳುವುದು ಇಲ್ಲೇ.

ಚಿಪ್‌ನ ಅಳತೆ ಪಿನ್ ಅಳೆಯಬಲ್ಲದ್ದು ಹೆಚ್ಚೆಂದರೆ ಸುಮಾರು 2 ವೋಲ್ಟ್, ಕೆಲವು ಚಿಪ್‌ಗಳಲ್ಲಿ ಸುಮಾರು 4 ವೋಲ್ಟ್. 12 ವೋಲ್ಟನ್ನು ನೇರ ಕೊಡುವ ಹಾಗಿಲ್ಲ. ಅದಕ್ಕೆ ಬೋರ್ಡ್ ಮಾಡುವವರು ಎರಡು ರೆಸಿಸ್ಟರ್ ಇಟ್ಟು ವೋಲ್ಟೇಜ್ ಇಳಿಸುತ್ತಾರೆ. ಒಂದು 56 ಕಿಲೋ ಓಮ್, ಇನ್ನೊಂದು 10 ಕಿಲೋ ಓಮ್ ಅಂದುಕೊಳ್ಳಿ. 12 ವೋಲ್ಟ್ ಆಗ ಪಿನ್‌ನಲ್ಲಿ 1.82 ವೋಲ್ಟ್ ಆಗಿ ಕಾಣುತ್ತದೆ. ಡ್ರೈವರ್ ತೋರಿಸುವುದು ಪಿನ್‌ನ ವೋಲ್ಟೇಜ್. ರೆಸಿಸ್ಟರ್‌ಗಳು ಎಷ್ಟು ಓಮ್ ಅಂತ ಬೋರ್ಡ್ ಮಾಡಿದವರಿಗೆ ಮಾತ್ರ ಗೊತ್ತು, ಅವರು ಅದನ್ನು ಸಾಮಾನ್ಯವಾಗಿ ಹೊರಗೆ ಹೇಳುವುದಿಲ್ಲ. ಇದು ನನಗೆ ಬೇಸರದ ಸಂಗತಿ. ಅದೇ ಬೋರ್ಡ್‌ನ ಬಯಾಸ್ ಪುಟದಲ್ಲಿ ಸರಿಯಾದ ಸಂಖ್ಯೆ ಕಾಣುತ್ತದೆ, ಕೊಂಡವರಿಗೆ ಮಾತ್ರ ಲೆಕ್ಕ ಸಿಗುವುದಿಲ್ಲ.

ಆದರೆ ಆ ಬಯಾಸ್ ಪುಟವೇ ನಮಗೆ ದಾರಿ. ಅಲ್ಲಿ ಹಾರ್ಡ್‌ವೇರ್ ಮಾನಿಟರ್‌ನ ಎಲ್ಲ ಸಂಖ್ಯೆ ಬರೆದುಕೊಳ್ಳಿ ಅಥವಾ ಫೋಟೋ ತೆಗೆಯಿರಿ. ಲಿನಕ್ಸ್‌ಗೆ ಬಂದು ಹೋಲಿಸಿ. ಬಯಾಸ್‌ನಲ್ಲಿ 12.0 ಇದ್ದು ಇಲ್ಲಿ ‘ಇನ್4’ ಅನ್ನುವ ವೋಲ್ಟೇಜ್ ಸಾಲು 1.00 ಇದ್ದರೆ 12ರಿಂದ ಗುಣಿಸಬೇಕು. ಇಲ್ಲಿ 1.82 ಇದ್ದರೆ 6.6ರಿಂದ. ಕೆಲವು ನುವೊಟಾನ್ ಬೋರ್ಡ್‌ಗಳಲ್ಲಿ 12 ವೋಲ್ಟ್‌ಗೆ 12, 5 ವೋಲ್ಟ್‌ಗೆ 5 ಹೀಗೆ ಸುಲಭದ ಲೆಕ್ಕವೇ ಇರುತ್ತದೆ.

ಇದನ್ನು ‘/ಇಟಿಸಿ/ಸೆನ್ಸರ್ಸ್.ಡಿ’ ಫೋಲ್ಡರ್‌ನಲ್ಲಿ ಒಂದು ಫೈಲ್ ಮಾಡಿ ಬರೆಯಬೇಕು. ಮೊದಲ ಸಾಲು ‘ಚಿಪ್’ ಅಂತ ಶುರುವಾಗಿ ಚಿಪ್ ಹೆಸರು. ಅದರ ಕೆಳಗೆ ‘ಲೇಬಲ್ ಇನ್4’ ಅಂತ ಬರೆದು ನಿಮಗೆ ಬೇಕಾದ ಹೆಸರು. ಆಮೇಲೆ ‘ಕಂಪ್ಯೂಟ್ ಇನ್4 @*12, @/12’. ಇಲ್ಲಿ ಎರಡು ಸೂತ್ರ ಯಾಕೆ ಅಂದರೆ ಮೊದಲನೆಯದು ಓದುವಾಗಿನ ಲೆಕ್ಕ, ಎರಡನೆಯದು ಮಿತಿಗಳನ್ನು ಚಿಪ್‌ಗೆ ಬರೆಯುವಾಗಿನ ತಿರುಗುಲೆಕ್ಕ. ಬೇಡದ ಪಿನ್‌ಗಳಿಗೆ ‘ಇಗ್ನೋರ್’ ಸಾಲು ಹಾಕಿದರೆ ಪಟ್ಟಿ ಚೊಕ್ಕಟವಾಗುತ್ತದೆ.

ಇನ್ನೊಂದು ವಿಷಯ. ನುವೊಟಾನ್ ಚಿಪ್‌ಗಳು ಪಿನ್ ವೋಲ್ಟೇಜನ್ನು 8 ಮಿಲಿವೋಲ್ಟ್ ಹೆಜ್ಜೆಗಳಲ್ಲಿ ಅಳೆಯುತ್ತವೆ. 12ರಿಂದ ಗುಣಿಸಿದರೆ ಒಂದು ಹೆಜ್ಜೆ 96 ಮಿಲಿವೋಲ್ಟ್ ಆಗುತ್ತದೆ. ಆದ್ದರಿಂದ 12.00ದಿಂದ 12.10ಕ್ಕೆ ಜಿಗಿದು ಮತ್ತೆ ಇಳಿದರೆ ಪವರ್ ಸಪ್ಲೈ ನಡುಗುತ್ತಿದೆ ಅಂತ ಅಲ್ಲ, ಅಳತೆಪಟ್ಟಿಯ ಗೆರೆಗಳೇ ಅಷ್ಟು ದೂರ ಇವೆ. ಪವರ್ ಸಪ್ಲೈಗಳ ಎಟಿಎಕ್ಸ್ ಮಾನದಂಡದ ಪ್ರಕಾರ ಸಾಮಾನ್ಯವಾಗಿ ಶೇ. 5ರಷ್ಟು ಹೆಚ್ಚುಕಡಿಮೆ ಆಗಬಹುದು. ಅಂದರೆ 11.40ರಿಂದ 12.60ರವರೆಗೆ, 5 ವೋಲ್ಟ್ ಲೈನ್‌ನಲ್ಲಿ 4.75ರಿಂದ 5.25ರವರೆಗೆ. ಅದರಾಚೆ ಹೋದಂತೆ ಕಂಡರೆ ಮಲ್ಟಿಮೀಟರ್ ತೆಗೆದುಕೊಂಡು, 12 ವೋಲ್ಟ್ ಲೈನ್ ಆದರೆ ಹಳದಿ ಮತ್ತು ಕಪ್ಪು ತಂತಿ ನಡುವೆ ಅಳೆಯಿರಿ. ಸೆನ್ಸರ್‌ಗೂ ಮೀಟರ್‌ಗೂ ಹೊಂದದಿದ್ದರೆ ಮೀಟರ್ ಮಾತು ನಂಬಿ.

ಎಎಂಡಿಯ ರೈಜನ್ ಪ್ರೊಸೆಸರ್‌ನಲ್ಲಿ ಏನೂ ಕೆಲಸ ಇಲ್ಲದಿದ್ದರೂ ಬಿಸಿ ಜಾಸ್ತಿ ತೋರಿಸುತ್ತದೆ.

‘ಕೆ10ಟೆಂಪ್’ ತೋರಿಸುವ ‘ಟಿಸಿಟಿಎಲ್’ ಫ್ಯಾನ್ ನಿಯಂತ್ರಣಕ್ಕೆ ಅಂತ ಮಾಡಿದ ಅಳತೆ. ಮೊದಲ ತಲೆಮಾರಿನ 1700ಎಕ್ಸ್, 1800ಎಕ್ಸ್‌ಗಳಲ್ಲಿ ಅದು ನಿಜವಾದ ಬಿಸಿಗಿಂತ 20 ಡಿಗ್ರಿ ಜಾಸ್ತಿ ಇರುತ್ತದೆ. 2700ಎಕ್ಸ್‌ನಲ್ಲಿ 10 ಡಿಗ್ರಿ. ಅಂಥ ಪ್ರೊಸೆಸರ್‌ಗಳಲ್ಲಿ ‘ಟಿಡೈ’ ನೋಡಿ, ಅದು ಆ ಹೆಚ್ಚುವರಿ ಕಳೆದ ಮೇಲಿನ ಸಂಖ್ಯೆ. 5.6 ಕರ್ನಲ್‌ನಿಂದ ‘ಟಿಸಿಸಿಡಿ’ ಸಾಲುಗಳೂ ಬರುತ್ತವೆ, ಕೋರ್‌ಗಳಿರುವ ಒಂದೊಂದು ತುಂಡಿನ ಬಿಸಿ ಅದು.

‘ಅಲಾರ್ಮ್’ ಅಂತ ಸಾಲುಸಾಲು ಬರುತ್ತಿದೆ.

ಹೆಚ್ಚಿನ ಸಲ ಇದು ಮಿತಿಗಳ ತೊಂದರೆ. ಕನಿಷ್ಠ 0, ಗರಿಷ್ಠ 0 ಅಂತ ಬಯಾಸ್ ಬಿಟ್ಟಿದ್ದರೆ ಯಾವ ಸಂಖ್ಯೆ ಬಂದರೂ ಅಲಾರ್ಮೇ. ಮೇಲಿನ ಫೈಲ್‌ನಲ್ಲೇ ‘ಸೆಟ್’ ಸಾಲುಗಳಿಂದ ಸರಿಯಾದ ಮಿತಿ ಬರೆದು ‘ಸುಡೊ ಸೆನ್ಸರ್ಸ್ -ಎಸ್’ ಕೊಡಿ. ‘ಇಂಟ್ರೂಷನ್’ ಅಲಾರ್ಮ್ ಕ್ಯಾಬಿನೆಟ್ ಮುಚ್ಚಳ ತೆರೆದದ್ದರ ಗುರುತು. ಮನೆಯ ಕಂಪ್ಯೂಟರ್‌ನಲ್ಲಿ ಅದನ್ನು ‘ಇಗ್ನೋರ್’ ಮಾಡಿ.

ಫ್ಯಾನ್ ತಿರುಗುತ್ತಿದೆ, ಆದರೂ 0 ಆರ್‌ಪಿಎಂ.

ಆ ಫ್ಯಾನ್ ಬೇರೆ ಹೆಡರ್‌ನಲ್ಲಿರಬಹುದು (ಬೋರ್ಡ್ ಮೇಲೆ ಫ್ಯಾನ್ ಸಿಕ್ಕಿಸುವ ಪಿನ್‌ಗಳ ಜಾಗವೇ ಹೆಡರ್), ಅಥವಾ ಪವರ್ ಸಪ್ಲೈಗೆ ನೇರ ಜೋಡಿಸಿರಬಹುದು. ವೇಗದ ಸುದ್ದಿ ತರುವುದು ಮೂರನೇ ತಂತಿ. ಎರಡೇ ತಂತಿಯ ಫ್ಯಾನ್‌ನಿಂದ ವೇಗ ಗೊತ್ತಾಗುವುದಿಲ್ಲ.

ಹಾರ್ಡ್ ಡಿಸ್ಕ್, ಎಸ್‌ಎಸ್‌ಡಿ, ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್?

ಎನ್‌ವಿಎಂಇ ಎಸ್‌ಎಸ್‌ಡಿ ಬಿಸಿ 5.5 ಕರ್ನಲ್‌ನಿಂದ ತಾನಾಗಿಯೇ ಬರುತ್ತದೆ. ಸಾಟಾ ಡಿಸ್ಕ್‌ಗೆ 5.6ರಲ್ಲಿ ಬಂದ ‘ಡ್ರೈವ್‌ಟೆಂಪ್’ ಮಾಡ್ಯೂಲ್ ಇದೆ, ಅದನ್ನು ನೀವೇ ಲೋಡ್ ಮಾಡಬೇಕು. ಕೆಲವು ಡಿಸ್ಕ್‌ಗಳಲ್ಲಿ ಪದೇ ಪದೇ ಬಿಸಿ ಕೇಳುತ್ತಿದ್ದರೆ ಅದು ನಿದ್ದೆಗೆ ಹೋಗುವುದೇ ಇಲ್ಲ, ಮನೆಯಲ್ಲಿ ಸರ್ವರ್ ಇಟ್ಟವರು ಇದನ್ನು ಗಮನಿಸಿ. ಡಿಡಿಆರ್5 ರ‍್ಯಾಮ್‌ಗೆ 6.11ರಲ್ಲಿ ‘ಎಸ್‌ಪಿಡಿ5118’ ಬಂತು. ಡಿಡಿಆರ್4ರಲ್ಲಿ ಸೆನ್ಸರ್ ಇದ್ದರೆ ‘ಜೆಸಿ42’. ಎಎಂಡಿ ಗ್ರಾಫಿಕ್ಸ್ ತಾನೇ ಪಟ್ಟಿಯಲ್ಲಿ ಬರುತ್ತದೆ. ಎನ್ವಿಡಿಯಾದ ಸ್ವಂತ ಡ್ರೈವರ್ ಹಾಕಿದ್ದರೆ ‘ಎನ್ವಿಡಿಯಾ-ಎಸ್‌ಎಂಐ’ ಕಮಾಂಡ್‌ನಿಂದ ಬೇರೆಯಾಗಿ ನೋಡಬೇಕು.

ಲ್ಯಾಪ್‌ಟಾಪ್‌ನಲ್ಲಿ ವೋಲ್ಟೇಜ್ ಯಾಕಿಲ್ಲ?

ಲ್ಯಾಪ್‌ಟಾಪ್‌ಗಳಲ್ಲಿ ಆ ಕೆಲಸ ಎಂಬೆಡೆಡ್ ಕಂಟ್ರೋಲರ್ ಅನ್ನುವ ಬೇರೊಂದು ಪುಟ್ಟ ಚಿಪ್‌ನದ್ದು. ಅದು ಕಂಪನಿಯಿಂದ ಕಂಪನಿಗೆ ಬೇರೆ. ಥಿಂಕ್‌ಪ್ಯಾಡ್‌ಗೆ ‘ಥಿಂಕ್‌ಪ್ಯಾಡ್_ಎಸಿಪಿಐ’, ಡೆಲ್‌ಗೆ ‘ಡೆಲ್_ಎಸ್‌ಎಂಎಂ_ಎಚ್‌ಡಬ್ಲ್ಯುಮಾನ್’, ಇಂಟೆಲ್ ಮ್ಯಾಕ್‌ಗೆ ‘ಆಪಲ್‌ಎಸ್‌ಎಂಸಿ’. ‘ಎಸಿಪಿಐಟಿಜೆಡ್’ ಅನ್ನುವ ಸಾಲು ಅದೇ ಸಂಖ್ಯೆಯಲ್ಲಿ ಅಂಟಿಕೊಂಡಿದ್ದರೆ ಅದನ್ನು ನಂಬಬೇಡಿ. ವರ್ಚುವಲ್ ಮಷೀನ್ ಒಳಗೆ ಹುಡುಕುತ್ತಿದ್ದರೆ ಅಲ್ಲಿ ಸೆನ್ಸರ್ ಇರುವುದೇ ಇಲ್ಲ, ಹೊರಗಿನ ಯಂತ್ರದಲ್ಲೇ ನೋಡಬೇಕು.

ರೀಬೂಟ್ ಆದ ಮೇಲೆ ನನ್ನ ಸ್ಕ್ರಿಪ್ಟ್ ಬೇರೆ ಸೆನ್ಸರ್ ಓದುತ್ತಿದೆ.

‘/ಸಿಸ್/ಕ್ಲಾಸ್/ಎಚ್‌ಡಬ್ಲ್ಯುಮಾನ್’ ಒಳಗಿನ ‘ಎಚ್‌ಡಬ್ಲ್ಯುಮಾನ್2’, ‘ಎಚ್‌ಡಬ್ಲ್ಯುಮಾನ್3’ ಅನ್ನುವ ಸಂಖ್ಯೆಗಳು ಡ್ರೈವರ್ ಲೋಡ್ ಆದ ಸರದಿಯಲ್ಲಿ ಬರುತ್ತವೆ. ಅವು ಬದಲಾಗಬಹುದು. ಪ್ರತಿ ಫೋಲ್ಡರ್‌ನಲ್ಲಿ ‘ನೇಮ್’ ಅನ್ನುವ ಫೈಲ್ ಇದೆ, ಅದನ್ನು ಓದಿ ಸರಿಯಾದದ್ದನ್ನು ಆರಿಸಿ. ಇನ್ನೂ ಸುಲಭ ಬೇಕಾದರೆ ‘ಸೆನ್ಸರ್ಸ್ -ಜೆ’ ಕೊಡಿ, ಎಲ್ಲವೂ ಜೇಸನ್ ರೂಪದಲ್ಲಿ ಸಿಗುತ್ತದೆ. ನೇರ ಫೈಲ್ ಓದುವವರು ಮರೆಯಬೇಡಿ: ಬಿಸಿ ಇರುವುದು ಡಿಗ್ರಿಯ ಸಾವಿರದ ಒಂದು ಭಾಗದಲ್ಲಿ. 45000 ಅಂದರೆ 45 ಡಿಗ್ರಿ.

ಫ್ಯಾನ್ ವೇಗವನ್ನು ಲಿನಕ್ಸ್‌ನಿಂದಲೇ ನಿಯಂತ್ರಿಸಬಹುದಾ?

ಆಗುತ್ತದೆ. ‘ಪಿಡಬ್ಲ್ಯುಎಂಕಾನ್ಫಿಗ್’ ಒಂದೊಂದೇ ಫ್ಯಾನ್ ನಿಲ್ಲಿಸಿ ಯಾವ ಹೆಡರ್ ಯಾವ ಫ್ಯಾನ್‌ಗೆ ಅಂತ ಕಂಡುಹಿಡಿಯುತ್ತದೆ, ‘ಫ್ಯಾನ್‌ಕಂಟ್ರೋಲ್’ ಆಮೇಲೆ ಅದನ್ನು ನಡೆಸುತ್ತದೆ. ವೇಗ 0ಯಿಂದ 255ರವರೆಗಿನ ಒಂದು ಸಂಖ್ಯೆ.

ನನ್ನ ಸಲಹೆ, ಬಯಾಸ್‌ನಲ್ಲೇ ಫ್ಯಾನ್ ಕರ್ವ್ (ಎಷ್ಟು ಬಿಸಿಗೆ ಎಷ್ಟು ವೇಗ ಅನ್ನುವ ಲೆಕ್ಕ) ಹಾಕುವ ಸೌಲಭ್ಯ ಇದ್ದರೆ ಅದನ್ನೇ ಬಳಸಿ. ಅದನ್ನು ಚಿಪ್ ತಾನೇ ನೋಡಿಕೊಳ್ಳುತ್ತದೆ, ಲಿನಕ್ಸ್ ಸ್ತಬ್ಧವಾದರೂ ಫ್ಯಾನ್ ಏರುತ್ತದೆ. ‘ಫ್ಯಾನ್‌ಕಂಟ್ರೋಲ್’ ನಡುವೆ ಹಠಾತ್ತಾಗಿ ಸತ್ತರೆ ಫ್ಯಾನ್ ಆಗಿದ್ದ ವೇಗದಲ್ಲೇ ಉಳಿಯಬಹುದು. ಪ್ರೊಸೆಸರ್ ಫ್ಯಾನನ್ನು ಬಯಾಸ್‌ಗೆ ಬಿಟ್ಟು, ಕ್ಯಾಬಿನೆಟ್ ಫ್ಯಾನ್ ಮಾತ್ರ ಡಿಸ್ಕ್ ಬಿಸಿಗೆ ತಕ್ಕಂತೆ ಲಿನಕ್ಸ್‌ನಿಂದ ನಡೆಸುವುದು ಒಳ್ಳೆಯ ಹೊಂದಾಣಿಕೆ.

ಎಷ್ಟು ಡಿಗ್ರಿ ಆದರೆ ಹೆದರಬೇಕು?

ಇಂಟೆಲ್ ಆದರೆ ‘ಕ್ರಿಟ್’ ಅಂತ ಪಕ್ಕದಲ್ಲೇ ಬರೆದಿರುತ್ತದೆ, ಬಹಳಷ್ಟು ಪ್ರೊಸೆಸರ್‌ಗಳಲ್ಲಿ 100 ಡಿಗ್ರಿ. ಅದರ ಹತ್ತಿರ ಬಂದರೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಇಂಟೆಲ್‌ನ ಸೆನ್ಸರ್ ಆ ಗರಿಷ್ಠಕ್ಕೆ ಇನ್ನೆಷ್ಟು ಬಾಕಿ ಅಂತ ಅಳೆಯುತ್ತದೆ, ಹಾಗಾಗಿ ಬಿಸಿ ಜಾಸ್ತಿ ಇದ್ದಾಗ ನಿಖರತೆ ಜಾಸ್ತಿ. ತಣ್ಣಗಿದ್ದಾಗ ಎರಡು ಕೋರ್‌ಗಳ ನಡುವೆ ಕೆಲವು ಡಿಗ್ರಿ ವ್ಯತ್ಯಾಸ ಕಂಡರೆ ತಲೆಕೆಡಿಸಿಕೊಳ್ಳಬೇಡಿ.

ಬೇರೆ ದೇಶದವರು ಹಾಕಿದ ಸಂಖ್ಯೆಗೆ ನಿಮ್ಮದನ್ನು ಹೋಲಿಸುವಾಗ ಕೋಣೆಯ ಬಿಸಿ ಲೆಕ್ಕಕ್ಕೆ ತೆಗೆದುಕೊಳ್ಳಿ. 20 ಡಿಗ್ರಿ ಕೋಣೆಯಲ್ಲಿ 65 ತೋರಿಸುವ ಯಂತ್ರ, ಏಪ್ರಿಲ್‌ನ ರಾಯಚೂರು, ಕಲಬುರಗಿಯಲ್ಲಿ 40 ಡಿಗ್ರಿ ಕೋಣೆಯಲ್ಲಿ ಸುಮಾರು 85 ತೋರಿಸುತ್ತದೆ. ಕೂಲರ್ ಅದೇ, ಪೇಸ್ಟ್ ಅದೇ. ನೋಡಬೇಕಾದದ್ದು ಕೋಣೆಗೂ ಪ್ರೊಸೆಸರ್‌ಗೂ ಇರುವ ಅಂತರ. ಅದು ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ ಹೀಟ್‌ಸಿಂಕ್‌ನಲ್ಲಿ ದೂಳು ಕೂತಿದೆ, ಬ್ರಷ್ ತೆಗೆದುಕೊಳ್ಳಿ.

ಲಿನಕ್ಸ್ ಅಲ್ಲದ ಬಿಎಸ್‌ಡಿ ಆಪರೇಟಿಂಗ್ ಸಿಸ್ಟಂಗಳಲ್ಲಿ?

ಓಪನ್‌ಬಿಎಸ್‌ಡಿಯಲ್ಲಿ ‘ಸಿಸ್‌ಸಿಟಿಎಲ್ ಎಚ್‌ಡಬ್ಲ್ಯು.ಸೆನ್ಸರ್ಸ್’ ಸಾಕು. ಬೇರೇನೂ ಹಾಕಬೇಕಿಲ್ಲ. ನೆಟ್‌ಬಿಎಸ್‌ಡಿಯಲ್ಲಿ ‘ಎನ್ವಿಸ್ಟ್ಯಾಟ್’. ಫ್ರೀಬಿಎಸ್‌ಡಿಯಲ್ಲಿ ‘ಕೋರ್‌ಟೆಂಪ್’ ಅಥವಾ ‘ಎಎಂಡಿಟೆಂಪ್’ ಮಾಡ್ಯೂಲ್ ಲೋಡ್ ಮಾಡಿದರೆ ಪ್ರೊಸೆಸರ್ ಬಿಸಿ ಸಿಗುತ್ತದೆ.

ನನ್ನ ಬೋರ್ಡ್‌ನ ಲೆಕ್ಕವೆಲ್ಲ ಸರಿಹೋಯಿತು. ಬೇರೆಯವರಿಗೂ ಕೊಡಬಹುದಾ?

ದಯವಿಟ್ಟು ಕೊಡಿ. ಎಲ್‌ಎಂ-ಸೆನ್ಸರ್ಸ್ ಮೂಲ ಕೋಡ್ ಜೊತೆಗೆ ‘ಕಾನ್ಫಿಗ್ಸ್’ ಅನ್ನುವ ಫೋಲ್ಡರ್ ಇದೆ. ಅಲ್ಲಿ ಬೋರ್ಡ್ ಕಂಪನಿ, ಮಾದರಿ ಪ್ರಕಾರ ಬಳಕೆದಾರರು ಕಳಿಸಿದ ಫೈಲ್‌ಗಳಿವೆ. ನಿಮ್ಮದನ್ನು ಶುರು ಮಾಡುವ ಮುಂಚೆ ಅಲ್ಲೊಮ್ಮೆ ನೋಡಿ, ನಿಮ್ಮ ಬೋರ್ಡ್ ಆಗಲೇ ಇದ್ದರೂ ಇರಬಹುದು. ಕಳಿಸುವಾಗ ‘ಡಿಎಂಐಡಿಕೋಡ್’ ಕಮಾಂಡ್ ತೋರಿಸುವ ಬೋರ್ಡ್ ಹೆಸರು, ಬಯಾಸ್ ಆವೃತ್ತಿ, ಚಿಪ್ ಹೆಸರು ಫೈಲ್‌ನ ಮೇಲ್ಭಾಗದಲ್ಲಿ ಬರೆಯಿರಿ. ಯಾವ ಸಾಲನ್ನು ಬಯಾಸ್ ನೋಡಿ ಹೊಂದಿಸಿದಿರಿ, ಯಾವುದನ್ನು ಮೀಟರ್‌ನಿಂದ ಅಳೆದಿರಿ, ಯಾವುದು ಬರೀ ಊಹೆ ಅಂತ ಒಂದೊಂದಕ್ಕೂ ಪಕ್ಕದಲ್ಲಿ ಗುರುತು ಹಾಕಿ. ಡಿಎಂಐಡಿಕೋಡ್‌ನ ಪೂರ್ತಿ ಪಟ್ಟಿಯಲ್ಲಿ ಸೀರಿಯಲ್ ನಂಬರ್ ಇರುತ್ತದೆ, ಅದನ್ನು ಅಳಿಸಿ ಕಳಿಸಿ.